ಮದ್ಯವ್ಯಸನಿಗಳ ಮಾತೆ ಸಿಸ್ಟರ್ ಇಗ್ನೇಷಿಯ

ಕುಡಿತದ ದಾಸ್ಯಕ್ಕೆ ಸಿಲುಕಿದ ಮನೆಯವನನ್ನು ಆಸ್ಪತ್ರೆಗೆ ಸೇರಿಸಿ, ಕೆಲವು ದಿನಗಳ ಬಳಿಕ ಕರೆತಂದು, ಇನ್ನು ಎಲ್ಲವೂ ಸರಿಹೋಯಿತೆಂದು ನಾವು ನೆಮ್ಮದಿ ತಾಳುತ್ತೇವೆ. ತಿಂಗಳು ಕಳೆಯುವುದರೊಳಗೆ ಆತ ಮತ್ತೆ ಹಳೆಯ ಹಾದಿ ಹಿಡಿದರೆ ಎದೆಗುಂದುತ್ತೇವೆ. ಆಸ್ಪತ್ರೆಯಿಂದ ಹೊರಬಂದವನ ಕೈಹಿಡಿದು ನಡೆಸುವವರು ಯಾರು? ಈ ಪ್ರಶ್ನೆಗೆ ತಮ್ಮ ಬಾಳಿನಿಂದಲೇ ಉತ್ತರ ನೀಡಿದವರು ಸಿಸ್ಟರ್ ಮೇರಿ ಇಗ್ನೇಷಿಯ.

ಐರ್ಲೆಂಡಿನ ಮೇಯೊ ಪ್ರಾಂತದ ಬಡ ರೈತ ಕುಟುಂಬದಲ್ಲಿ 1889ರ ಜನವರಿ 2ರಂದು ಜನಿಸಿದ ಬ್ರಿಜೆಟ್ ಗ್ಯಾವಿನ್, 1896ರಲ್ಲಿ ಹೆತ್ತವರೊಂದಿಗೆ ಅಮೇರಿಕದ ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ನಗರಕ್ಕೆ ಬಂದರು. ಸಂಗೀತ ಶಿಕ್ಷಕಿಯಾಗಿದ್ದ ಅವರು 1914ರಲ್ಲಿ ಸಂತ ಅಗಸ್ಟೀನರ ಪ್ರೇಮಸೇವಾ ಭಗಿನಿಯರ ಸಭೆಯನ್ನು ಸೇರಿದರು. ಬಿಡುವಿಲ್ಲದ ದುಡಿಮೆಯಿಂದ 1927ರಲ್ಲಿ ಅವರ ದೇಹವೂ ಮನಸ್ಸೂ ಕುಸಿದವು. ಸಂಗೀತ ಪಾಠವನ್ನು ಬಿಡಬೇಕಾಯಿತು. ಮರುವರ್ಷ ಆಕ್ರನ್ ನಗರದಲ್ಲಿ ಆರಂಭವಾದ ಸಂತ ತೋಮಸರ ಆಸ್ಪತ್ರೆಯಲ್ಲಿ ರೋಗಿಗಳ ಹೆಸರು ದಾಖಲಿಸುವ ಹಗುರವಾದ ಕೆಲಸ ಅವರಿಗೆ ದೊರೆಯಿತು. ಸೋತ ಮನಸ್ಸಿನ ನೋವನ್ನು ಸ್ವತಃ ಅರಿತವರನ್ನು ದೇವರು ಸೋತವರ ಬಾಗಿಲಲ್ಲಿ ಕೂರಿಸಿದ್ದರು.

ಅಂದಿನ ಆಸ್ಪತ್ರೆಗಳು ಕುಡುಕರನ್ನು ರೋಗಿಗಳೆಂದು ಪರಿಗಣಿಸುತ್ತಿರಲಿಲ್ಲ. ಆ ಊರಿನ ಶಸ್ತ್ರವೈದ್ಯ ಡಾಕ್ಟರ್ ಬಾಬ್ ಸ್ಮಿತ್ ಸ್ವತಃ ಮದ್ಯವ್ಯಸನಿಯಾಗಿದ್ದವರು. ನ್ಯೂಯಾರ್ಕಿನ ಬಿಲ್ ವಿಲ್ಸನ್ ಎಂಬ ಮತ್ತೊಬ್ಬ ವ್ಯಸನಿಯ ಸ್ನೇಹದಿಂದ 1935ರ ಜೂನ್‌ನಲ್ಲಿ ಅವರು ಕುಡಿತದಿಂದ ಬಿಡುಗಡೆ ಹೊಂದಿದರು. ಆ ಸ್ನೇಹದಿಂದಲೇ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಕೂಟ ಹುಟ್ಟಿತು. 1939ರ ಆಗಸ್ಟ್ 16ರಂದು ಡಾಕ್ಟರ್ ಬಾಬ್ ಒಬ್ಬ ವ್ಯಸನಿಗಾಗಿ ಹಾಸಿಗೆ ಕೇಳಿದಾಗ, ಸಿಸ್ಟರ್ ಇಗ್ನೇಷಿಯ ಆತನ ಕಾಯಿಲೆಯನ್ನು ಜಠರದ ಉರಿಯೂತವೆಂದು ಬರೆದು ಸೇರಿಸಿಕೊಂಡರು. ಬಳಿಕ ಗೆಳೆಯರು ಬಂದು ಆತನೊಡನೆ ಏಕಾಂತದಲ್ಲಿ ಮಾತನಾಡಲೆಂದು, ರೋಗಿಗಳಿಗೆ ಬಂದ ಹೂಗಳನ್ನು ಜೋಡಿಸಿಡುವ ಪುಟ್ಟ ಕೋಣೆಗೆ ಆತನ ಮಂಚವನ್ನು ಸಾಗಿಸಿದರು. ಹೀಗೆ ಮುಚ್ಚಿದ್ದ ಬಾಗಿಲೊಂದು ತೆರೆಯಿತು.

ಆದರೆ ಮತ್ತೊಂದು ತೊಡಕು ಕಾದಿತ್ತು. ಈ ಕೂಟಗಳು ಮೊದಲು ನಡೆದದ್ದು ಆಕ್ಸ್‌ಫರ್ಡ್ ಗ್ರೂಪ್ ಎಂಬ ಪ್ರೊಟೆಸ್ಟಂಟ್ ಮೂಲದ ಚಳವಳಿಯ ಆಶ್ರಯದಲ್ಲಿ. ಕ್ಲೀವ್‌ಲ್ಯಾಂಡಿನಿಂದ ಆಕ್ರನ್‌ಗೆ ಕೂಟಕ್ಕಾಗಿ ಬರುತ್ತಿದ್ದ ಕಥೋಲಿಕರಿಗೆ, ಅಲ್ಲಿ ಹೋಗುವುದು ತಮ್ಮ ವಿಶ್ವಾಸಕ್ಕೆ ಹೊಂದದೆಂಬ ಎಚ್ಚರಿಕೆ ಯಾಜಕರಿಂದ ಬಂದಿತು. ಹೋದರೆ ಧರ್ಮಸಂಕಟ, ಬಿಟ್ಟರೆ ಮತ್ತೆ ಮದ್ಯದಂಗಡಿ. ಈ ಬಿಕ್ಕಟ್ಟಿನಿಂದಾಗಿ 1939ರ ಮೇ ತಿಂಗಳಿನಲ್ಲಿ ಕ್ಲೀವ್‌ಲ್ಯಾಂಡಿನ ಸದಸ್ಯರು ಯಾವ ಮತಪಂಥಕ್ಕೂ ಸೇರದ ಪ್ರತ್ಯೇಕ ಕೂಟವನ್ನು ಆರಂಭಿಸಿದರು. ಅದೇ ವರ್ಷದ ಕೊನೆಯಲ್ಲಿ ಆಕ್ರನ್ನಿನವರೂ ಅದೇ ಹಾದಿ ತುಳಿದರು. ಸಿಸ್ಟರ್ ಇಗ್ನೇಷಿಯ ಇಲ್ಲಿಯೂ ವಿವೇಕದಿಂದ ವರ್ತಿಸಿದರು. ಅವರು ಕುರುಡಾಗಿ ಒಪ್ಪಲಿಲ್ಲ, ಕುರುಡಾಗಿ ತಿರಸ್ಕರಿಸಲೂ ಇಲ್ಲ. ಯುವ ಯಾಜಕರೊಬ್ಬರನ್ನು ಕೂಟಕ್ಕೆ ಕಳುಹಿಸಿ, ಅಲ್ಲಿ ನಡೆಯುವುದನ್ನು ನೋಡಿ ಬರುವಂತೆ ಕೋರಿದರು. ಯಾಜಕರು ಮೆಚ್ಚುಗೆಯೊಂದಿಗೆ ಮರಳಿದರು.

ಆಸ್ಪತ್ರೆಯಲ್ಲಿ ವ್ಯಸನಿಯ ವಾಸ ಕೇವಲ 5 ದಿನ. ಕೂಟದ ಸದಸ್ಯನೊಬ್ಬ ಆತನ ಹೊಣೆ ಹೊತ್ತು ಕರೆತರಬೇಕಿತ್ತು. ಗುಣಹೊಂದಿದವರು ದಿನವೂ ಬಂದು ಕಾಫಿ ಕುಡಿಯುತ್ತಾ ತಮ್ಮ ಕಥೆ ಹೇಳುತ್ತಿದ್ದರು. ಆದುದರಿಂದ ಬಿಡುಗಡೆಯ ದಿನ ಆತನಿಗೆ ಕೂಟ ಅಪರಿಚಿತರ ಗುಂಪಾಗಿ ಉಳಿದಿರುತ್ತಿರಲಿಲ್ಲ. ಅಲ್ಲಿ ಆತನ ಹೆಸರು ಬಲ್ಲವರಿದ್ದರು. ಹೊರಡುವಾಗ ಸಿಸ್ಟರ್ ಯೇಸುವಿನ ಪವಿತ್ರ ಹೃದಯದ ಪುಟ್ಟ ಪದಕವೊಂದನ್ನು ಕೈಗಿಟ್ಟು, ಮತ್ತೆ ಕುಡಿಯುವ ಮನಸ್ಸಾದರೆ ಮೊದಲು ಇದನ್ನು ತಂದು ಹಿಂದಿರುಗಿಸಬೇಕೆಂದು ಮಾತು ತೆಗೆದುಕೊಳ್ಳುತ್ತಿದ್ದರು. ಕಥೋಲಿಕರಲ್ಲದವರೂ ಅದನ್ನು ಗೌರವದಿಂದ ಪಡೆದರು.

1950ರಲ್ಲಿ ಡಾಕ್ಟರ್ ಬಾಬ್ ನಿಧನರಾಗುವ ವೇಳೆಗೆ ಇವರಿಬ್ಬರ ಆರೈಕೆ ಪಡೆದವರು ಸುಮಾರು 5,000 ಮಂದಿ. 1952ರಲ್ಲಿ ಸಿಸ್ಟರ್ ಕ್ಲೀವ್‌ಲ್ಯಾಂಡಿನ ಸಂತ ವಿನ್ಸೆಂಟರ ಆಸ್ಪತ್ರೆಗೆ ವರ್ಗವಾಗಿ, ಅಲ್ಲಿ ರೋಸರಿ ಹಾಲ್ ಎಂಬ ಚಿಕಿತ್ಸಾ ವಿಭಾಗವನ್ನು ತೆರೆದರು. ವ್ಯಸನಿಯ ಮಡದಿ ಮಕ್ಕಳಿಗೂ ಆಸರೆ ಬೇಕೆಂಬುದನ್ನು ಅವರು ಮರೆಯಲಿಲ್ಲ. 1966ರ ಏಪ್ರಿಲ್ 1ರಂದು, ತಮ್ಮ 77ನೆಯ ವಯಸ್ಸಿನಲ್ಲಿ, ಅವರು ಪ್ರಭುವಿನಲ್ಲಿ ನಿದ್ರೆಹೋದರು.

ಇಂದು ಇಂತಹ ಕೂಟಗಳು ನಮ್ಮ ನಾಡಿನಲ್ಲಿಯೂ ನಡೆಯುತ್ತಿವೆ. ಕುಟುಂಬದವರಿಗಾಗಿ ಅಲ್-ಅನಾನ್ ಕೂಟಗಳೂ ಇವೆ. ನೆರೆಯವರು ಕಂಡಾರೆಂಬ ನಾಚಿಕೆ, ನಮ್ಮವರಲ್ಲದವರ ನಡುವೆ ಕುಳಿತುಕೊಳ್ಳುವ ಸಂಕೋಚ ನಮ್ಮನ್ನು ತಡೆಯುತ್ತವೆ. ಮೊದಲ ಕೂಟ ಮನಸ್ಸಿಗೆ ಒಗ್ಗದಿದ್ದರೆ ಇನ್ನೊಂದನ್ನು ಹುಡುಕಲು ಅಡ್ಡಿಯಿಲ್ಲ; ಕ್ಲೀವ್‌ಲ್ಯಾಂಡಿನವರು ಮಾಡಿದ್ದೂ ಅದನ್ನೇ. ಭಾಷೆ ತಿಳಿಯುವ, ವಾರವಾರವೂ ತಲುಪಬಹುದಾದ, ಬಾರದಿದ್ದಾಗ ಏಕೆ ಬರಲಿಲ್ಲವೆಂದು ವಿಚಾರಿಸುವ ಜನರಿರುವ ಕೂಟವೇ ತಕ್ಕ ಕೂಟ. ಪಾಪನಿವೇದನೆಗೂ ಬಲಿಪೂಜೆಗೂ ಅದು ಎದುರಾಳಿಯಲ್ಲ. ನಮ್ಮ ಮನೆಯ ಸೋದರನನ್ನು ಮೊದಲ ದಿನ ಅಲ್ಲಿಯವರೆಗೆ ಜೊತೆಗೂಡಿ ನಡೆಸುವ ಪ್ರೀತಿಯನ್ನು ಪವಿತ್ರ ಹೃದಯವು ನಮಗೆ ದಯಪಾಲಿಸಲಿ.