ದೇವನಹಳ್ಳಿ ಕೋಟೆಯಿಂದ ಮೇಲೆದ್ದ ಹೈದರ್ ಅಲಿ

ದೇವನಹಳ್ಳಿ: ಇಲ್ಲಿನ ಕೋಟೆಯನ್ನು ಟಿಪ್ಪುವಿನ ಜನ್ಮಸ್ಥಳವೆಂದು ನಾಡು ಬಲ್ಲದು. ಅವನ ತಂದೆ ಹೈದರ್ ಅಲಿಯ ಏಳಿಗೆ ಆರಂಭವಾದದ್ದೂ ಈ ಕೋಟೆಯ ಮುಂದೆಯೇ.

ಕೋಲಾರ ಸೀಮೆಯ ಬೂದಿಕೋಟೆಯಲ್ಲಿ ಜನಿಸಿದ ಹೈದರ್, 1749ರಲ್ಲಿ ಮೈಸೂರಿನ ಸರ್ವಾಧಿಕಾರಿ ನಂಜರಾಜಯ್ಯನು ದೇವನಹಳ್ಳಿಗೆ ಮುತ್ತಿಗೆ ಹಾಕಿದಾಗ ಶೌರ್ಯ ಮೆರೆದು ಸಣ್ಣ ತುಕಡಿಯೊಂದರ ನಾಯಕನಾದನು.

ಆಗ ದಕ್ಷಿಣದಲ್ಲಿ ಅಂತಃಕಲಹ ಭುಗಿಲೆದ್ದಿತ್ತು. 1748ರಲ್ಲಿ ನಿಜಾಮನು ತೀರಿಕೊಂಡ ಮೇಲೆ ಅವನ ಮಗ ನಾಸಿರ್ ಜಂಗ್ ಹಾಗೂ ಮಗಳ ಮಗ ಮುಜಫರ್ ಜಂಗ್ ಉತ್ತರಾಧಿಕಾರಕ್ಕಾಗಿ ಸೆಣಸಿದರು. ಆರ್ಕಾಟಿನ ನವಾಬಗಿರಿಗೆ ಮುಹಮ್ಮದ್ ಅಲಿ, ಚಂದಾ ಸಾಹೇಬ್ ಕಾದಾಡಿದರು. ಮುಜಫರ್ ಮತ್ತು ಚಂದಾ ಸಾಹೇಬರಿಗೆ ಫ್ರೆಂಚರು, ಎದುರಾಳಿಗಳಿಗೆ ಇಂಗ್ಲಿಷರು ಬೆಂಬಲವಾದರು.

ನಾಸಿರ್ ಜಂಗನ ನೆರವಿಗೆ ತೆರಳಿದ ಮೈಸೂರು ದಂಡಿನಲ್ಲಿ ಹೈದರನೂ ಇದ್ದನು. 1750ರ ಡಿಸೆಂಬರ್‌ನಲ್ಲಿ ನಾಸಿರ್ ತನ್ನ ಪಕ್ಷದವರಿಂದಲೇ ಹತನಾದನು.

1752ರಲ್ಲಿ ತಿರುಚಿನಾಪಳ್ಳಿಯನ್ನು ಬಿಟ್ಟುಕೊಡುವ ಭರವಸೆ ನಂಬಿ ನಂಜರಾಜಯ್ಯನು ಮುಹಮ್ಮದ್ ಅಲಿಗೆ ನೆರವಾದನು. ಚಂದಾ ಸಾಹೇಬನ ವಧೆಯ ಬಳಿಕ ಮುಹಮ್ಮದ್ ಅಲಿ ಮಾತಿಗೆ ತಪ್ಪಿದನು. ಮೈಸೂರು ಫ್ರೆಂಚರ ಪಕ್ಷ ಸೇರಿದರೂ ಊರು ದಕ್ಕಲಿಲ್ಲ. 1755ರಲ್ಲಿ ದಂಡು ಬರಿಗೈಯಲ್ಲಿ ಮರಳಿತು; ಬೊಕ್ಕಸ ಬರಿದಾಗಿತ್ತು.

ಪರರ ಗದ್ದುಗೆಗಾಗಿ ನಡೆದ ಈ ಕದನದಲ್ಲಿ ಹೈದರ್ ಮಾತ್ರ ಕಲಿತು ಬಂದನು. ಯೂರೋಪಿಯನ್ನರ ಕವಾಯತು, ಫಿರಂಗಿ ಬಳಕೆಯನ್ನು ತನ್ನ ಪಡೆಗೆ ಅಳವಡಿಸಿದನು. ಸಂಬಳ ಕಾಣದೆ ದಂಗೆಯೆದ್ದ ಸೈನಿಕರನ್ನು ಸಮಾಧಾನಪಡಿಸಿದವನೂ ಅವನೇ. 1761ರಲ್ಲಿ ಅಧಿಕಾರ ಅವನ ವಶವಾಯಿತು. ಒಡೆಯರು ಹೆಸರಿಗಷ್ಟೇ ಅರಸರಾದರು.

1769ರಲ್ಲಿ ಇಂಗ್ಲಿಷರು ಪರಸ್ಪರ ನೆರವಿನ ಒಪ್ಪಂದಕ್ಕೆ ಸಹಿ ಹಾಕಿದರು. ಮರಾಠರು ದಂಡೆತ್ತಿ ಬಂದಾಗ ಆ ನೆರವು ಬರಲಿಲ್ಲ. ಎರಡನೆಯ ಬಾರಿ ಮುರಿದ ಮಾತನ್ನು ಹೈದರ್ ಮರೆಯಲಿಲ್ಲ. 1780ರಲ್ಲಿ ಇಂಗ್ಲಿಷರ ಮೇಲೆ ಯುದ್ಧ ಹೂಡಿದ ಅವನು 1782ರ ಡಿಸೆಂಬರ್ 7ರಂದು ಚಿತ್ತೂರಿನ ಬಳಿ ಪಾಳೆಯದಲ್ಲೇ ಕೊನೆಯುಸಿರೆಳೆದನು.