ವಿಲಿಯಂ ವೆಲಿಂಗ್ಟನ್ ಗ್ರೀನರ್

ವಿಲಿಯಂ ವೆಲಿಂಗ್ಟನ್ ಗ್ರೀನರ್ (1834–1921) ಇಂಗ್ಲೆಂಡಿನ ಬಂದೂಕು ತಯಾರಕರು ಮತ್ತು ಲೇಖಕರು. ಡಬ್ಲ್ಯು. ಡಬ್ಲ್ಯು. ಗ್ರೀನರ್ ಎಂದೇ ಪ್ರಸಿದ್ಧರಾದ ಇವರು ಷಾಟ್‌ಗನ್, ಅಂದರೆ ಚರೆ ಹಾರಿಸುವ ಕೋವಿಯ ರಚನೆಯಲ್ಲಿ ಮಹತ್ವದ ಸುಧಾರಣೆಗಳನ್ನು ತಂದರು. ಚರೆ ಬೇಗ ಚದುರದಂತೆ ನಳಿಗೆಯ ತುದಿಯನ್ನು ತುಸು ಕಿರಿದಾಗಿಸುವ 'ಚೋಕ್' ವಿಧಾನವನ್ನು ನಂಬಲರ್ಹವಾದ ತಯಾರಿಕಾ ಕ್ರಮವಾಗಿ ರೂಪಿಸಿದವರಲ್ಲಿ ಇವರು ಪ್ರಮುಖರು. 1881ರಲ್ಲಿ ಪ್ರಕಟವಾದ ಇವರ 'ದಿ ಗನ್ ಅಂಡ್ ಇಟ್ಸ್ ಡೆವಲಪ್‌ಮೆಂಟ್' ಗ್ರಂಥವು 1910ರಲ್ಲಿ ಒಂಬತ್ತನೆಯ ಆವೃತ್ತಿಯನ್ನು ಕಂಡಿತು.

ಕುಟುಂಬ

ಇವರ ತಂದೆ ವಿಲಿಯಂ ಗ್ರೀನರ್ (1806–1869) ಸಹ ಬಂದೂಕು ತಯಾರಕರು. ಲಂಡನ್ನಿನಲ್ಲಿ ಮ್ಯಾಂಟನ್ ಅವರ ಬಳಿ ದುಡಿದು, 1829ರಲ್ಲಿ ನ್ಯೂಕ್ಯಾಸಲ್‌ನಲ್ಲಿ ಸ್ವಂತ ಉದ್ಯಮ ಆರಂಭಿಸಿದರು. 1844ರಲ್ಲಿ ಅದನ್ನು ಬರ್ಮಿಂಗ್‌ಹ್ಯಾಮ್‌ಗೆ ಸ್ಥಳಾಂತರಿಸಿದರು. ಸಿಡಿದಾಗ ಹಿಗ್ಗಿ ನಳಿಗೆಯ ಒಳಗೋಡೆಗೆ ಅಂಟಿಕೊಂಡು ಸಾಗುವ ಗುಂಡನ್ನು ಅವರು 1835ರಲ್ಲಿ ರೂಪಿಸಿದ್ದರು. ಬ್ರಿಟಿಷ್ ಸೇನೆ ಅದನ್ನು ಸ್ವೀಕರಿಸಲಿಲ್ಲ. ಮುಂದೆ ಅದೇ ತತ್ತ್ವದ ಗುಂಡಿಗಾಗಿ ಫ್ರಾನ್ಸಿನ ಮಿನಿಯೇ ಅವರಿಗೆ ಬ್ರಿಟಿಷ್ ಸರ್ಕಾರ 20,000 ಪೌಂಡ್ ನೀಡಿತು. ತತ್ತ್ವವನ್ನು ಮೊದಲು ಸೂಚಿಸಿದ ಗ್ರೀನರ್ ಅವರಿಗೆ 1857ರಲ್ಲಿ ದೊರೆತದ್ದು 1,000 ಪೌಂಡ್ ಮಾತ್ರ.

ತಂದೆಯೊಡನೆ ಭಿನ್ನಾಭಿಪ್ರಾಯ

ಆ ಕಾಲದ ಕೋವಿಗಳಲ್ಲಿ ಮದ್ದು ಮತ್ತು ಚರೆಯನ್ನು ನಳಿಗೆಯ ಬಾಯಿಯಿಂದ ಸುರಿದು ಗಜದಿಂದ ಜಡಿಯಬೇಕಿತ್ತು. ನಡುವೆ ಮಡಚಿ, ಹಿಂಬದಿಯಿಂದ ತೋಟಾ ತುಂಬುವ ಕೋವಿ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಫ್ರಾನ್ಸಿನಿಂದ ಇಂಗ್ಲೆಂಡಿಗೆ ಬಂತು. ತಂದೆ ಇದನ್ನು ಸುತರಾಂ ಒಪ್ಪಲಿಲ್ಲ. ಹೊಸ ವಿಚಾರಕ್ಕೆ ಮನ್ನಣೆ ದೊರಕಿಸಲು ಸರ್ಕಾರದೊಡನೆ ವರ್ಷಗಟ್ಟಲೆ ಸೆಣಸಿದವರೇ ಮನೆಯ ಬಾಗಿಲಿಗೆ ಬಂದ ಹೊಸತನ್ನು ತಿರಸ್ಕರಿಸಿದ್ದು ವಿಚಿತ್ರವೆನ್ನಬೇಕು. ಮಗ ಪ್ರತ್ಯೇಕವಾಗಿ ಉದ್ಯಮ ಹೂಡಿ, 1864ರಲ್ಲಿ ತೋಟಾ ಕೋವಿಗೆ ತಮ್ಮ ಮೊದಲ ಪೇಟೆಂಟ್ ಪಡೆದರು. 1869ರಲ್ಲಿ ತಂದೆ ತೀರಿಕೊಂಡ ಬಳಿಕ ಎರಡೂ ಉದ್ಯಮಗಳು ಮಗನ ಕೈಯಲ್ಲಿ ಒಂದಾದವು.

ತಂದೆಯ ಆಕ್ಷೇಪದಲ್ಲಿ ಹುರುಳಿಲ್ಲದೆ ಇರಲಿಲ್ಲ. ಮಡಚುವ ಕೋವಿಯ ಕೀಲು ಸಡಿಲವಾದರೆ ಸಿಡಿತದ ಒತ್ತಡವನ್ನು ಅದು ತಾಳಲಾರದು. ಮಗ ಇದಕ್ಕೆ ಕೊಟ್ಟ ಉತ್ತರವೇ ಅಡ್ಡ ಬೋಲ್ಟು. ನಳಿಗೆಗಳ ಹಿಂತುದಿಯ ಮೇಲ್ಭಾಗದಲ್ಲಿ ತೂತುಳ್ಳ ಒಂದು ಚಾಚು ಇರುತ್ತದೆ. ಕೋವಿಯನ್ನು ಮುಚ್ಚಿದಾಗ ದುಂಡನೆಯ ಬೋಲ್ಟೊಂದು ಆ ತೂತಿನ ಮೂಲಕ ಅಡ್ಡಲಾಗಿ ಹಾಯುತ್ತದೆ. 1873ರಲ್ಲಿ ಇದನ್ನು ಕೆಳಗಿನ ಬೀಗಗಳೊಡನೆ ಜೋಡಿಸಿ ಮೂರು ಕಡೆ ಬಿಗಿಯುವ ವ್ಯವಸ್ಥೆ ಮಾಡಿದರು. 1880ರ 'ಫೆಸಿಲೆ ಪ್ರಿನ್ಸೆಪ್ಸ್' ಎಂಬ, ಕುದುರೆ ಹೊರಗೆ ಕಾಣದ ಕೋವಿಯ ಬಗ್ಗೆ ವೆಸ್ಟ್ಲಿ ರಿಚರ್ಡ್ಸ್ ಸಂಸ್ಥೆ ಪೇಟೆಂಟ್ ದಾವೆ ಹೂಡಿತಾದರೂ ತೀರ್ಪು ಗ್ರೀನರ್ ಅವರ ಪರವಾಯಿತು.

ಚೋಕ್ ಮತ್ತು 1875ರ ಪರೀಕ್ಷೆ

ಚೋಕ್ ಗ್ರೀನರ್ ಅವರ ಆವಿಷ್ಕಾರವಲ್ಲ. ಅವರು ಹಾಗೆಂದು ಹೇಳಿಕೊಳ್ಳಲೂ ಇಲ್ಲ. ನ್ಯೂಕ್ಯಾಸಲ್‌ನ ಪೇಪ್ 1866ರಲ್ಲಿ, ಅಮೆರಿಕದ ರೋಪರ್ 1868ರಲ್ಲಿ ಇದಕ್ಕೆ ಸಂಬಂಧಿಸಿದ ಪೇಟೆಂಟ್ ಪಡೆದಿದ್ದರು. ಆದರೆ ಪ್ರತಿ ನಳಿಗೆಯೂ ಒಂದೇ ಬಗೆಯ ಫಲ ಕೊಡುವಂತೆ ಕೊರೆಯುವ ಕ್ರಮ ಸಿದ್ಧವಾಗಿರಲಿಲ್ಲ. 1874ರಲ್ಲಿ ಗ್ರೀನರ್ ತಮ್ಮ ಕ್ರಮವನ್ನು ಪ್ರಕಟಿಸಿದಾಗ ಅನೇಕರು ನಂಬಲಿಲ್ಲ. ಮರುವರ್ಷ 'ದಿ ಫೀಲ್ಡ್' ಪತ್ರಿಕೆ ಲಂಡನ್ನಿನಲ್ಲಿ ಬಹಿರಂಗ ಪರೀಕ್ಷೆ ನಡೆಸಿತು. ಚೋಕ್ ಕೋವಿಗಳ ವಿಭಾಗದಲ್ಲಿ ಗ್ರೀನರ್ ಕೋವಿಗಳು ಗೆದ್ದವು.

ಇಂದಿಗೂ ರೂಢಿಯಲ್ಲಿರುವ ಅಳತೆ ಹೀಗಿದೆ: 40 ಗಜ ದೂರದಿಂದ ಕಾಗದದ ಹಾಳೆಗೆ ಈಡು ಹೊಡೆದು, 30 ಅಂಗುಲ ವ್ಯಾಸದ ವೃತ್ತದೊಳಗೆ ಬಿದ್ದ ಚರೆಯ ರಂಧ್ರಗಳನ್ನು ಎಣಿಸುವುದು. ಚೋಕ್ ಇಲ್ಲದ ನಳಿಗೆಯಲ್ಲಿ ಒಟ್ಟು ಚರೆಯ ಸುಮಾರು 40 ಪ್ರತಿಶತ, ಪೂರ್ಣ ಚೋಕ್‌ನಲ್ಲಿ ಸುಮಾರು 70 ಪ್ರತಿಶತ ವೃತ್ತದೊಳಗೆ ಬೀಳುತ್ತದೆ.

ಕೊನೆಯ ವರ್ಷಗಳು

ಗ್ರೀನರ್ ಅವರ ಜೀವಿತಾವಧಿಯಲ್ಲಿಯೇ ಗುರಿ ಕ್ರೀಡೆಯ ಸ್ವರೂಪ ಬದಲಾಯಿತು. ಮೊದಲು ಜೀವಂತ ಪಾರಿವಾಳಗಳನ್ನು ಹಾರಿಬಿಟ್ಟು ಹೊಡೆಯುತ್ತಿದ್ದರು. 1880ರಲ್ಲಿ ಅಮೆರಿಕದ ಲಿಗೋವ್ಸ್ಕಿ ಮಣ್ಣಿನ ತಟ್ಟೆಯ ಗುರಿಯನ್ನು ತಂದರು. 1900ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಟ್ರ್ಯಾಪ್ ಸ್ಪರ್ಧೆ ನಡೆಯಿತು. ಸೆರೆಹಿಡಿದ ಹಕ್ಕಿಗಳನ್ನು ಹಾರಿಸಿ ಹೊಡೆಯುವುದನ್ನು ಬ್ರಿಟನ್ 1921ರಲ್ಲಿ ನಿಷೇಧಿಸಿತು. ಅದೇ ವರ್ಷ ಗ್ರೀನರ್ ನಿಧನರಾದರು. ಅವರ ಸಂಸ್ಥೆಯನ್ನು 1965ರಲ್ಲಿ ವೆಬ್ಲಿ ಅಂಡ್ ಸ್ಕಾಟ್ ಕೊಂಡಿತು. 1985ರಲ್ಲಿ ಗ್ರೀನರ್ ಹೆಸರಿನ ತಯಾರಿಕೆ ಪುನರಾರಂಭವಾಯಿತು.

ಬಳಸಿದ ಗ್ರೀನರ್ ಕೋವಿಗಳ ಪರೀಕ್ಷೆ

ಗ್ರೀನರ್ ಅವರ ಕೋವಿಗಳು ಇಂದಿಗೂ ಕೈಯಿಂದ ಕೈಗೆ ಮಾರಾಟವಾಗುತ್ತವೆ. ಹೆಸರು ನೋಡಿ ಕೊಳ್ಳುವುದು ಅಪಾಯಕರ. ಮೊದಲು ಕೋವಿಯನ್ನು ತೆರೆದು ಎರಡೂ ನಳಿಗೆಗಳು ಖಾಲಿಯಿವೆಯೆಂದು ಖಚಿತಪಡಿಸಿಕೊಳ್ಳಬೇಕು. ಬಳಿಕ ನಳಿಗೆಯ ಕೆಳಗಿನ ಮುಂಗೈ ಮರವನ್ನು ಬಿಚ್ಚಿ, ಕೋವಿಯನ್ನು ಮುಚ್ಚಿ ಅಲುಗಾಡಿಸಿದರೆ ಕೀಲಿನ ಸವೆತ ತಿಳಿಯುತ್ತದೆ. ಮರ ಇದ್ದಂತೆ ಪರೀಕ್ಷಿಸಿದರೆ ಅದರ ಬಿಗಿತವೇ ಸಡಿಲವನ್ನು ಮರೆಮಾಚಬಹುದು. ಅಡ್ಡ ಬೋಲ್ಟು ಬಿಗಿಯಾಗಿ ಕಂಡರೂ ಕೆಳಗಿನ ಬೀಗಗಳು ಸವೆದಿರಬಹುದಾದ್ದರಿಂದ ಅವನ್ನು ಪ್ರತ್ಯೇಕವಾಗಿ ನೋಡಬೇಕು.

ಬಿಚ್ಚಿದ ನಳಿಗೆಗಳನ್ನು ತೂಗಿಹಿಡಿದು ಮೆಲ್ಲಗೆ ತಟ್ಟಿದಾಗ ಗಂಟೆಯಂತೆ ಸ್ವಚ್ಛ ನಾದ ಬರಬೇಕು. ಒಡಕು ದನಿ ಬಂದರೆ ನಳಿಗೆಗಳನ್ನು ಕೂಡಿಸುವ ಪಟ್ಟಿಯ ಬೆಸುಗೆ ಬಿಟ್ಟಿರುವ ಸಾಧ್ಯತೆಯಿದೆ. ಬೆಳಕಿಗೆ ಹಿಡಿದು ಒಳಗೆ ನೋಡಿದಾಗ ಉಬ್ಬು ಅಥವಾ ತಗ್ಗು ಇದ್ದರೆ ನೆರಳಿನ ಉಂಗುರ ಮುರಿದಂತೆ ಕಾಣುತ್ತದೆ. ತುಕ್ಕು ತಿಂದ ಕುಳಿಗಳನ್ನು ಉಜ್ಜಿ ನುಣುಪು ಮಾಡಿದ್ದರೆ ನಳಿಗೆಯ ಗೋಡೆ ತೆಳುವಾಗಿರುತ್ತದೆ. ಆದ್ದರಿಂದ ಹೊಳಪಷ್ಟೇ ಸಾಲದು. ಗೋಡೆಯ ದಪ್ಪವನ್ನು ಉಪಕರಣದಿಂದ ಅಳೆಸಬೇಕು. ಕಬ್ಬಿಣ ಮತ್ತು ಉಕ್ಕಿನ ಎಳೆಗಳನ್ನು ಹೆಣೆದು ಬೆಸೆದ ಡಮಾಸ್ಕಸ್ ನಳಿಗೆಗಳನ್ನು ಹೆಚ್ಚಾಗಿ ಕರಿಮದ್ದಿನ ಕಾಲದಲ್ಲಿ ಮಾಡಲಾಯಿತು. ಹೊಗೆರಹಿತ ಮದ್ದಿಗೆ ತಕ್ಕ ಪರೀಕ್ಷಾ ಮುದ್ರೆ ಇಲ್ಲದಿದ್ದರೆ ಅವುಗಳಲ್ಲಿ ಇಂದಿನ ತೋಟಾ ಹಾರಿಸಬಾರದು. ಹಳೆಯ 12 ಬೋರ್ ಕೋವಿಗಳ ತೋಟಾಗೂಡು ಬಹುಮಟ್ಟಿಗೆ 65 ಮಿ.ಮೀ. ಉದ್ದದ್ದು, ಇಂದು ಸಾಮಾನ್ಯವಾಗಿರುವ 70 ಮಿ.ಮೀ. ತೋಟಾ ಅದರೊಳಗೆ ಕೂರುತ್ತದೆ, ಆದರೆ ಸಿಡಿದು ಬಾಯಿ ಬಿಚ್ಚಿಕೊಳ್ಳಲು ಎಡೆ ಸಾಲದೆ ಒತ್ತಡ ಏರುತ್ತದೆ. ಪೂರ್ಣ ಚೋಕ್ ಇರುವ ಹಳೆಯ ನಳಿಗೆಗೆ ಉಕ್ಕಿನ ಚರೆ ಸಲ್ಲದು. ಮಣ್ಣಿನ ಗುರಿಯ ಅಭ್ಯಾಸದಲ್ಲಿ ಒಂದೇ ದಿನ ನೂರಾರು ಈಡು ಹಾರುವುದರಿಂದ, ಬೇಟೆಗಾರನ ಕೈಯಲ್ಲಿ ದಶಕಗಳವರೆಗೆ ಬಾಳಿದ ಸಡಿಲ ಕೋವಿ ಇಲ್ಲಿ ಬೇಗ ಕೆಡುತ್ತದೆ.

ಮಲೆನಾಡಿನಲ್ಲಿ

ಗ್ರೀನರ್ ತಂದೆ-ಮಕ್ಕಳನ್ನು ಬೇರ್ಪಡಿಸಿದ ಎರಡು ಬಗೆಯ ಕೋವಿಗಳೂ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲೂಕುಗಳಲ್ಲಿ ಬಳಕೆಯಲ್ಲಿ ಉಳಿದಿವೆ. ಬಾಯಿಯಿಂದ ತುಂಬುವುದು ಕೇಪಿನ ಕೋವಿ, ಮಡಚುವುದು ತೋಟಾ ಕೋವಿ. 1959ರ ಭಾರತೀಯ ಆಯುಧ ಕಾಯಿದೆಯೂ ಈ ಭೇದವನ್ನು ಗುರುತಿಸಿದೆ: ಬೆಳೆ ರಕ್ಷಣೆಗೆ ಬಾಯಿಯಿಂದ ತುಂಬುವ ಕೋವಿಯನ್ನೂ, ಆತ್ಮರಕ್ಷಣೆ ಅಥವಾ ಕ್ರೀಡೆಗೆ 20 ಅಂಗುಲಕ್ಕೆ ಕಡಿಮೆಯಿಲ್ಲದ ನುಣುಪು ನಳಿಗೆಯ ಕೋವಿಯನ್ನೂ ಅದು ಹೆಸರಿಸುತ್ತದೆ. ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ ಜನಿಸಿದ ಕುವೆಂಪು ಅವರ 'ಕಾನೂರು ಹೆಗ್ಗಡಿತಿ' (1936) ಕಾದಂಬರಿಯಲ್ಲಿ ಕೋವಿ ಮತ್ತು ಬೇಟೆ ಮಲೆನಾಡಿನ ದಿನಚರಿಯ ಭಾಗವಾಗಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಬೇಟೆ ಕಾನೂನುಬಾಹಿರವಾಯಿತು. ಅಡಿಕೆ, ಕಾಫಿ ತೋಟಗಳ ಮನೆಗಳಲ್ಲಿ ಪರವಾನಗಿಯ ಕೋವಿ ಮಾತ್ರ ಉಳಿಯಿತು.

ಇಲ್ಲಿ ಕೋವಿಯ ಮುಖ್ಯ ಶತ್ರು ಮಳೆಗಾಲದ ತೇವ. ಬಟ್ಟೆ ಅಥವಾ ಚರ್ಮದ ಚೀಲದೊಳಗೆ ಮುಚ್ಚಿಟ್ಟ ನಳಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಳಗೊಳಗೇ ತುಕ್ಕು ಹಿಡಿಯುತ್ತದೆ. ನಳಿಗೆಯನ್ನು ಒಣಬಟ್ಟೆಯಿಂದ ಒರೆಸಿ, ತೆಳುವಾಗಿ ಎಣ್ಣೆ ಸವರಿ, ಬಾಯಿ ಕೆಳಗಾಗಿ ನಿಲ್ಲಿಸಿದರೆ ಎಣ್ಣೆ ಹಿಡಿಯ ಮರಕ್ಕೆ ಇಳಿದು ಅದನ್ನು ಮೆತ್ತಗಾಗಿಸುವುದಿಲ್ಲ. ಕೀಲಿಗೆ ಎಣ್ಣೆಗಿಂತ ಗ್ರೀಸ್ ಲೇಸು. ಚುನಾವಣೆಯ ಕಾಲದಲ್ಲಿ ಕೋವಿಗಳನ್ನು ಪೊಲೀಸ್ ಠಾಣೆಯಲ್ಲಿ ಠೇವಣಿ ಇಡುವಂತೆ ಆದೇಶವಾಗುವುದುಂಟು. ಪರವಾನಗಿದಾರ ತೀರಿಕೊಂಡಾಗಲೂ ಉತ್ತರಾಧಿಕಾರಿಗೆ ಪರವಾನಗಿ ಸಿಗುವವರೆಗೆ ಕೋವಿ ಠೇವಣಿಯಲ್ಲಿರಬೇಕು. ಹೀಗೆ ತಿಂಗಳುಗಟ್ಟಲೆ ಆರೈಕೆಯಿಲ್ಲದೆ ಇದ್ದ ಕೋವಿಯನ್ನು ಮರಳಿ ಪಡೆದಾಗ, ತೋಟಾ ತುಂಬುವ ಮೊದಲು ಮೇಲಿನ ಪರೀಕ್ಷೆಗಳನ್ನು ಪರವಾನಗಿ ಹೊಂದಿದ ಕೋವಿ ರಿಪೇರಿಯವರಿಂದ ಮಾಡಿಸುವುದು ಅಗತ್ಯ.