ಬಟಾಣಿ ಎಣಿಸಿದ ಪಾದ್ರಿ ಗ್ರೆಗರ್ ಮೆಂಡಲ್

ಹೋದ ವರ್ಷ ನಮ್ಮ ಕಂಪನಿಗೆ ಇಲ್ಲಿ ಬಹರೈನಿನ ಒಂದು ಆಸ್ಪತ್ರೆಯ ಮೇಂಟೆನೆನ್ಸ್ ಕೆಲಸ ಸಿಕ್ಕಿತ್ತು. ನನಗೆ ರಾತ್ರಿ ಪಾಳಿ. ಒಂದು ವಾರ್ಡಿನಲ್ಲಿ ಏಣಿ ಹಾಕಿ ಲೈಟ್ ಬದಲಾಯಿಸುತ್ತಿದ್ದಾಗ ಕೆಳಗಡೆ ಮಂಚದ ಮೇಲೆ ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬ ನೋವು ತಡೆಯಲಾರದೆ ಒದ್ದಾಡುತ್ತಿದ್ದ. ಏಟಿಲ್ಲ, ಗಾಯವಿಲ್ಲ. ಮಂಗಳೂರು ಕಡೆಯ ಸಿಸ್ಟರ್ ಒಬ್ಬರು ಇದ್ದರು, ಅವರನ್ನು ಕೇಳಿದೆ. ಇದು ಸಿಕಲ್ ಸೆಲ್ ಕಾಯಿಲೆ, ರಕ್ತದ ಕಣ ಕುಡುಗೋಲಿನ ಹಾಗೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ, ಅದರಿಂದ ಈ ನೋವು ಅಂದರು. ಅಪ್ಪ ಅಮ್ಮ ಇಬ್ಬರೂ ಚೆನ್ನಾಗೇ ಇದ್ದಾರಂತೆ. ಹಾಗಾದರೆ ಮಗನಿಗೆ ಎಲ್ಲಿಂದ ಬಂತು ಅಂದೆ. ಅವರು ನನ್ನ ಜಾಬ್ ಕಾರ್ಡಿನ ಹಿಂದೆ ನಾಲ್ಕು ಚೌಕ ಬರೆದು ತೋರಿಸಿದರು. ಇಲ್ಲಿನ ನಾಗರಿಕರು ಮದುವೆಗೆ ಮುಂಚೆ ಈ ರಕ್ತಪರೀಕ್ಷೆ ಮಾಡಿಸಲೇಬೇಕು ಅನ್ನೋ ಕಾನೂನು ಇದೆ ಎಂದೂ ಹೇಳಿದರು.

ಆ ನಾಲ್ಕು ಚೌಕ ನಾನು ಎಸ್ಸೆಸ್ಸೆಲ್ಸಿಯಲ್ಲಿ ನೋಡಿದ್ದೆ. ಮೆಂಡಲ್, ಬಟಾಣಿ ಗಿಡ, ಉದ್ದ, ಗಿಡ್ಡ. ಪರೀಕ್ಷೆಗೆ ಅಂತ ಉರು ಹೊಡೆದು ಮರೆತಿದ್ದೆ.

ಅದೇ ವಾರ ಊರಿಂದ ಅಮ್ಮನ ಫೋನು. ನನ್ನ ತಮ್ಮನಿಗೆ ಅಕ್ಕನ ಮಗಳನ್ನೇ ತಂದುಕೊಳ್ಳೋಣ ಅಂತ ಮಾತಾಗಿದೆಯಂತೆ. ನಮ್ಮ ಮಂಡ್ಯದ ಕಡೆ ಇದು ಹೊಸದೇನಲ್ಲ. ಆದರೆ ನಮ್ಮ ಚಿಕ್ಕಮ್ಮನೂ ಸೋದರಮಾವನನ್ನೇ ಕಟ್ಟಿಕೊಂಡವರು, ಅವರ ನಾಲ್ಕು ಮಕ್ಕಳಲ್ಲಿ ಇಬ್ಬರಿಗೆ ಹುಟ್ಟಿನಿಂದ ಕಿವಿ ಕೇಳಿಸಲ್ಲ. ಊರಲ್ಲಿ ಅದಕ್ಕೆ ನಾಗದೋಷ ಅಂತಾರೆ. ನನಗೆ ಆವತ್ತು ನಿದ್ದೆ ಬರಲಿಲ್ಲ. ರೂಮಿನಲ್ಲಿ ಮಲಗಿಕೊಂಡು ಮೊಬೈಲಿನಲ್ಲಿ ಈ ಮೆಂಡಲ್ ಯಾರು ಅಂತ ಓದಲು ಶುರು ಮಾಡಿದವನು, ಆಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ. ನಾನು ಐಟಿಐ ಮಾಡಿದವನು, ವಿಜ್ಞಾನಿ ಅಲ್ಲ. ನನಗೆ ಅರ್ಥವಾದ ಹಾಗೆ ಬರೆಯುತ್ತಿದ್ದೇನೆ.

ಮೆಂಡಲ್ ಹುಟ್ಟಿದ್ದು 1822ರ ಜುಲೈನಲ್ಲಿ, ಆಗಿನ ಆಸ್ಟ್ರಿಯಾ ಸಾಮ್ರಾಜ್ಯದ ಹೈನ್ಜೆನ್‌ಡಾರ್ಫ್ ಎಂಬ ಹಳ್ಳಿಯಲ್ಲಿ. ಈಗ ಅದು ಚೆಕ್ ದೇಶಕ್ಕೆ ಸೇರಿದೆ. ಮನೆಯಲ್ಲಿ ಇಟ್ಟ ಹೆಸರು ಯೋಹಾನ್. ಅಪ್ಪ ಆಂಟನ್ ರೈತ. ಸ್ವಂತ ಜಮೀನಿದ್ದರೂ ವಾರಕ್ಕೆ ಮೂರು ದಿನ ಜಮೀನ್ದಾರನ ಹೊಲದಲ್ಲಿ ಬಿಟ್ಟಿ ದುಡಿಯಬೇಕಿತ್ತು. ಉಳಿದ ದಿನ ತನ್ನ ಹೊಲ, ತನ್ನ ಹಣ್ಣಿನ ಮರ. ಮರಕ್ಕೆ ಕಸಿ ಕಟ್ಟುವುದನ್ನು ಮಗ ಕಲಿತದ್ದು ಅಪ್ಪನ ಹತ್ತಿರವೇ. ಯೋಹಾನನಿಗೆ ಒಬ್ಬಳು ಅಕ್ಕ ವೆರೋನಿಕಾ, ಒಬ್ಬಳು ತಂಗಿ ತೆರೇಸಿಯಾ.

ಹುಡುಗ ಬುದ್ಧಿವಂತ ಅಂತ ಮೇಷ್ಟ್ರು ಹೇಳಿದ್ದಕ್ಕೆ ಅಪ್ಪ ಅಮ್ಮ ಕಷ್ಟಪಟ್ಟು ದೂರದ ಪಟ್ಟಣಕ್ಕೆ ಓದಲು ಕಳಿಸಿದರು. ಹಾಸ್ಟೆಲ್ಲಿನಲ್ಲಿ ಪೂರ್ತಿ ಊಟಕ್ಕೆ ದುಡ್ಡಿಲ್ಲ, ಅರ್ಧ ಊಟಕ್ಕೆ ಮಾತ್ರ ಕಟ್ಟಿದ್ದರು. ಊರ ಕಡೆಯಿಂದ ಗಾಡಿ ಬಂದರೆ ಅಮ್ಮ ಬ್ರೆಡ್ಡು ಬೆಣ್ಣೆ ಕಳಿಸುತ್ತಿದ್ದಳು. 1838ರಲ್ಲಿ ಅಪ್ಪನ ಎದೆಗೆ ಮರದ ದಿಮ್ಮಿ ಬಿದ್ದು ಆತ ಮತ್ತೆ ಗಟ್ಟಿಯಾಗಿ ದುಡಿಯುವ ಹಾಗೇ ಇರಲಿಲ್ಲ. ಹದಿನಾರರ ಹುಡುಗ ಮಕ್ಕಳಿಗೆ ಪಾಠ ಹೇಳಿ ತನ್ನ ಹೊಟ್ಟೆ ತಾನೇ ನೋಡಿಕೊಳ್ಳಬೇಕಾಯಿತು. ಮುಂದೆ ಓಲ್ಮುಟ್ಸ್ ಪಟ್ಟಣಕ್ಕೆ ಹೋದರೆ ಅಲ್ಲಿ ಪಾಠ ಹೇಳುವ ಕೆಲಸವೂ ಸಿಗಲಿಲ್ಲ. ಹಸಿವು, ಚಿಂತೆ ಎರಡೂ ಸೇರಿ ಕಾಯಿಲೆ ಬಿದ್ದು ಊರಿಗೆ ವಾಪಸ್ ಬಂದು ವರ್ಷ ಕಳೆದ.

ಅಪ್ಪ ಜಮೀನನ್ನು ವೆರೋನಿಕಾಳ ಗಂಡನಿಗೆ ಕೊಟ್ಟುಬಿಟ್ಟ. ಆಗ ತಂಗಿ ತೆರೇಸಿಯಾ, ತನ್ನ ಮದುವೆಗೆ ಅಂತ ಇಟ್ಟಿದ್ದ ಪಾಲಿನಲ್ಲಿ ಒಂದು ಭಾಗ ತೆಗೆದು ಅಣ್ಣನ ಓದಿಗೆ ಕೊಟ್ಟಳು. ಹನ್ನೆರಡು ಹದಿಮೂರು ವಯಸ್ಸಿನ ಹುಡುಗಿ. ಇದನ್ನು ಓದಿದಾಗ ನಾನು ಮೊಬೈಲ್ ಪಕ್ಕಕ್ಕಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದೆ. ನನ್ನ ವೀಸಾದ ದುಡ್ಡಿಗೆ ಅಡವಿಟ್ಟದ್ದು ಅಕ್ಕನ ಎರಡು ಎಳೆ ಸರ. ಗಲ್ಫಿಗೆ ಬಂದಿರುವ ನಮ್ಮಲ್ಲಿ ಎಷ್ಟೋ ಜನರ ಹಿಂದೆ ಇಂಥ ಒಬ್ಬ ತೆರೇಸಿಯಾ ಇದ್ದಾಳೆ.

ಆ ದುಡ್ಡಿನಲ್ಲಿ ಓದು ಮುಗಿಯಿತು. ಮುಂದೇನು? ಭೌತಶಾಸ್ತ್ರದ ಮೇಷ್ಟ್ರೊಬ್ಬರ ಶಿಫಾರಸಿನಿಂದ 1843ರಲ್ಲಿ ಬ್ರುನ್ ಪಟ್ಟಣದ, ಅಂದರೆ ಈಗಿನ ಬರ್ನೋದ, ಸಂತ ಥಾಮಸ್ ಮಠ ಸೇರಿದ. ಅಲ್ಲಿ ಕೊಟ್ಟ ಹೆಸರು ಗ್ರೆಗರ್. ದೇವರ ಮೇಲಿನ ಭಕ್ತಿಗಿಂತ ಹೊಟ್ಟೆಪಾಡಿನ ಚಿಂತೆ ತಪ್ಪಲಿ ಅಂತಲೇ ಹೆಚ್ಚಾಗಿ ಸೇರಿದ ಅಂತ ಅವನ ಸ್ವಂತ ಬರಹದಿಂದಲೇ ತಿಳಿಯುತ್ತೆ. ಅದರಲ್ಲಿ ನಾಚಿಕೆ ಪಡುವುದೇನೂ ನನಗೆ ಕಾಣಲಿಲ್ಲ. ಮಠ ಕೂಡ ಒಳ್ಳೆಯದೇ. ಗ್ರಂಥಾಲಯ, ತೋಟ ಎಲ್ಲ ಇತ್ತು, ಮಠಾಧಿಪತಿ ನಾಪ್ ಅವರಿಗೆ ಕುರಿ ತಳಿ, ಹಣ್ಣಿನ ತಳಿ ಸುಧಾರಣೆಯಲ್ಲಿ ಆಸಕ್ತಿ. ರೋಗಿಗಳನ್ನು ನೋಡಿ ಸಮಾಧಾನ ಹೇಳುವ ಪಾದ್ರಿ ಕೆಲಸಕ್ಕೆ ಹಾಕಿದರೆ ಮೆಂಡಲ್ ತಾನೇ ಹಾಸಿಗೆ ಹಿಡಿದ. ಅಷ್ಟು ಮೆದು ಮನಸ್ಸು. ಇವನಿಗೆ ಇದು ಆಗಲ್ಲ ಅಂತ ನಾಪ್ ಅವರು 1849ರಲ್ಲಿ ಅವನನ್ನು ಶಾಲೆಗೆ ಮೇಷ್ಟ್ರಾಗಿ ಕಳಿಸಿದರು.

ಮೇಷ್ಟ್ರ ಕೆಲಸ ಖಾಯಂ ಆಗಬೇಕಾದರೆ ಸರ್ಕಾರಿ ಪರೀಕ್ಷೆ ಪಾಸಾಗಬೇಕು. 1850ರಲ್ಲಿ ಕೂತ, ಭೂವಿಜ್ಞಾನ ಪ್ರಾಣಿಶಾಸ್ತ್ರದಲ್ಲಿ ಫೇಲು. ಆಮೇಲೆ ಮಠದವರೇ ಎರಡು ವರ್ಷ ವಿಯೆನ್ನಾ ವಿಶ್ವವಿದ್ಯಾಲಯಕ್ಕೆ ಕಳಿಸಿ ಓದಿಸಿದರು. ಅಲ್ಲಿ ಪಾಠ ಹೇಳಿದವರಲ್ಲಿ ಡಾಪ್ಲರ್ ಒಬ್ಬರು, ಅದೇ ಡಾಪ್ಲರ್ ಸ್ಕ್ಯಾನ್ ಅಂತೀವಲ್ಲ ಆ ಹೆಸರಿನವರು. ಗಣಿತ, ಅಂಕಿಅಂಶದ ಲೆಕ್ಕ ಎಲ್ಲ ಅಲ್ಲಿ ಕಲಿತ. 1856ರಲ್ಲಿ ಮತ್ತೆ ಪರೀಕ್ಷೆಗೆ ಹೋದ, ನಡುವೆಯೇ ಆರೋಗ್ಯ ಕೆಟ್ಟು ಬಿಟ್ಟು ಬಂದ. ಹಾಗಾಗಿ ಕೊನೆವರೆಗೂ ಅವನು ಬದಲಿ ಮೇಷ್ಟ್ರೇ. ಸರ್ಟಿಫಿಕೇಟ್ ಇಲ್ಲ. ಮಕ್ಕಳಿಗೆ ಮಾತ್ರ ಅವನ ಪಾಠ ಬಲು ಇಷ್ಟವಂತೆ.

ಪರೀಕ್ಷೆ ಕೈಕೊಟ್ಟ ಅದೇ 1856ರಲ್ಲಿ ಮಠದ ತೋಟದಲ್ಲಿ ಬಟಾಣಿ ಪ್ರಯೋಗ ಶುರುವಾಯಿತು. ಜಾಗ ಸುಮಾರು 35 ಮೀಟರ್ ಉದ್ದ, 7 ಮೀಟರ್ ಅಗಲ. ಮೊದಲು 34 ಬಗೆಯ ಬಟಾಣಿ ಬೀಜ ತರಿಸಿ, ಎರಡು ವರ್ಷ ಬರೀ ಬೆಳೆದು ನೋಡಿ, ತಳಿ ಕೆಡದೆ ಒಂದೇ ತರ ಬರುವ 22 ಬಗೆ ಆರಿಸಿಕೊಂಡ. ನಮ್ಮ ಕೆಲಸದಲ್ಲಿ ವೈರಿಂಗ್ ಶುರು ಮಾಡುವ ಮೊದಲು ಮೀಟರ್ ಸರಿ ಇದೆಯಾ ನೋಡುವ ಹಾಗೆ.

ಬಟಾಣಿ ಹೂವು ಮುಚ್ಚಿಕೊಂಡೇ ತನ್ನಷ್ಟಕ್ಕೆ ತಾನೇ ಪರಾಗ ಮಾಡಿಕೊಳ್ಳುತ್ತೆ. ಎರಡು ತಳಿ ಸೇರಿಸಬೇಕಾದರೆ ಮೊಗ್ಗು ಅರಳುವ ಮುಂಚೆ ಚಿಮಟದಿಂದ ಬಿಡಿಸಿ, ಒಳಗಿನ ಗಂಡು ಕೇಸರ ಒಂದೊಂದಾಗಿ ಕಿತ್ತು, ಇನ್ನೊಂದು ಗಿಡದ ಪರಾಗ ಸವರಿ, ಹುಳ ಬರದ ಹಾಗೆ ಚೀಲ ಕಟ್ಟಬೇಕು. ಎಂಟು ವರ್ಷದಲ್ಲಿ ಸಾವಿರಾರು ಗಿಡ. ಬೀಜ ದುಂಡೋ ಸುಕ್ಕೋ, ಹಳದಿಯೋ ಹಸಿರೋ, ಗಿಡ ಉದ್ದವೋ ಗಿಡ್ಡವೋ, ಹೀಗೆ ಏಳೇ ಗುಣಗಳನ್ನು ಹಿಡಿದು ಎಣಿಸಿದ. ಮಿಶ್ರತಳಿ ಮಾಡಿದವರು ಅವನಿಗಿಂತ ಮುಂಚೆಯೂ ಇದ್ದರು. ಇಷ್ಟು ಶಿಸ್ತಾಗಿ ತಲೆಮಾರು ತಲೆಮಾರಾಗಿ ಎಣಿಸಿದವರು ಇರಲಿಲ್ಲ.

ದುಂಡು ಬೀಜದ ತಳಿಗೂ ಸುಕ್ಕು ಬೀಜದ ತಳಿಗೂ ಕೂಡಿಸಿದರೆ ಮೊದಲ ತಲೆಮಾರಿನಲ್ಲಿ ಎಲ್ಲಾ ದುಂಡು. ಸುಕ್ಕು ಎಲ್ಲಿ ಹೋಯಿತು? ಆ ದುಂಡು ಬೀಜವನ್ನೇ ಬಿತ್ತಿ ತಂತಾನೇ ಕಾಯಿ ಕಟ್ಟಲು ಬಿಟ್ಟ. ಬಂದ 7324 ಬೀಜದಲ್ಲಿ 5474 ದುಂಡು, 1850 ಸುಕ್ಕು. ಬಣ್ಣದಲ್ಲಿ 8023ಕ್ಕೆ 6022 ಹಳದಿ, 2001 ಹಸಿರು. ಯಾವ ಗುಣ ತೆಗೆದುಕೊಂಡರೂ ಮೂರಕ್ಕೆ ಒಂದು. ಸುಕ್ಕು ಎಲ್ಲೂ ಹೋಗಿರಲಿಲ್ಲ, ಅಡಗಿತ್ತು ಅಷ್ಟೆ. ಅಲ್ಲಿಗೂ ನಿಲ್ಲಿಸಲಿಲ್ಲ. ದುಂಡಾಗಿ ಕಾಣುವವೆಲ್ಲ ಒಳಗೂ ದುಂಡೇನಾ ಅಂತ 565 ಗಿಡ ಬೆಳೆದು ನೋಡಿದ. 193 ಗಿಡ ದುಂಡು ಬೀಜ ಮಾತ್ರ ಕೊಟ್ಟವು, 372 ಗಿಡದಲ್ಲಿ ಮತ್ತೆ ಸುಕ್ಕು ಕಾಣಿಸಿತು.

ಇದನ್ನು ನಾನು ನನ್ನ ರೂಂಮೇಟಿಗೆ ಹೀಗೆ ಹೇಳಿದೆ. ಒಂದು ಬಲ್ಬಿಗೆ ಎರಡು ಕಡೆಯಿಂದ ಲೈನ್ ಬರುತ್ತೆ ಅಂದುಕೋ, ಒಂದು ಅಪ್ಪನ ಕಡೆಯದು, ಒಂದು ಅಮ್ಮನ ಕಡೆಯದು. ಒಂದು ಲೈನ್ ಸತ್ತಿದ್ದರೂ ಇನ್ನೊಂದರಿಂದ ಬಲ್ಬು ಉರಿಯುತ್ತೆ, ಸತ್ತಿರುವುದು ಯಾರಿಗೂ ಗೊತ್ತಾಗಲ್ಲ. ಮಕ್ಕಳಿಗೆ ಎರಡರಲ್ಲಿ ಒಂದು ಲೈನ್ ಮಾತ್ರ ಹೋಗುತ್ತೆ, ಯಾವುದು ಅನ್ನೋದು ಅದೃಷ್ಟ. ಅಪ್ಪನ ಸತ್ತ ಲೈನೂ ಅಮ್ಮನ ಸತ್ತ ಲೈನೂ ಒಂದೇ ಮಗುವಿಗೆ ಬಂದರೆ ಕತ್ತಲೆ. ನಾಲ್ಕರಲ್ಲಿ ಒಂದು ಪಾಲು ಹಾಗಾಗಬಹುದು. ಸಿಸ್ಟರ್ ಬರೆದ ನಾಲ್ಕು ಚೌಕ ಇದೇ. ಈ ಹೋಲಿಕೆ ತೀರಾ ಸುಳ್ಳಲ್ಲ ಅಂತ ಆಮೇಲೆ ಗೊತ್ತಾಯಿತು. 1990ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಸುಕ್ಕು ಬಟಾಣಿಯ ಜೀನ್ ಹಿಡಿದು ನೋಡಿದಾಗ, ಪಿಷ್ಟ ಕಟ್ಟಲು ಬೇಕಾದ ಒಂದು ಕಿಣ್ವದ ಜೀನ್ ಅಲ್ಲಿ ನಿಜವಾಗಿಯೂ ಕೆಟ್ಟಿತ್ತು. ಪಿಷ್ಟ ಕಡಿಮೆಯಾಗಿ ಬೀಜದಲ್ಲಿ ಸಕ್ಕರೆ, ನೀರು ಹೆಚ್ಚಾಗುತ್ತೆ. ಒಣಗಿದಾಗ ಸುಕ್ಕಾಗುತ್ತೆ. ಎಲ್ಲಾ ಗುಣಗಳೂ ಇಷ್ಟು ಸರಳವಲ್ಲ, ಎತ್ತರ, ಮೈಬಣ್ಣದಂಥವಕ್ಕೆ ಎಷ್ಟೋ ಜೀನ್ ಸೇರುತ್ತವೆ ಅನ್ನೋದನ್ನೂ ಹೇಳಬೇಕು.

1865ರ ಫೆಬ್ರವರಿ 8 ಮತ್ತು ಮಾರ್ಚ್ 8ರಂದು ಮೆಂಡಲ್ ಇದನ್ನೆಲ್ಲ ಬ್ರುನ್‌ನ ನಿಸರ್ಗ ಸಂಘದ ಸಭೆಯಲ್ಲಿ ಓದಿದ. ಮರುವರ್ಷ ಅಚ್ಚಾಯಿತು. 40 ಪ್ರತಿ ಹೆಚ್ಚಿಗೆ ತೆಗೆಸಿ ದೊಡ್ಡ ದೊಡ್ಡ ವಿದ್ವಾಂಸರಿಗೆ ಕಳಿಸಿದ. ಲೆಕ್ಕ ಹಾಕಿ ಗಿಡದ ವಿಷಯ ಹೇಳುವುದು ಆಗ ಯಾರಿಗೂ ರೂಢಿಯಿರಲಿಲ್ಲ. ಮ್ಯೂನಿಕ್ಕಿನ ಪ್ರೊಫೆಸರ್ ನೇಗೆಲಿ ಒಬ್ಬರೇ ಕಾಗದ ಬರೆಯುತ್ತಾ ಬಂದರು, ಅವರೂ ನಂಬಲಿಲ್ಲ. ಅವರ ನೆಚ್ಚಿನ ಹಾಕ್‌ವೀಡ್ ಎಂಬ ಗಿಡದ ಮೇಲೆ ಮೆಂಡಲ್ ವರ್ಷಗಟ್ಟಲೆ ಕಣ್ಣು ಹಾಳು ಮಾಡಿಕೊಂಡ, ಅಷ್ಟು ಚಿಕ್ಕ ಹೂವು. ಲೆಕ್ಕ ಮಾತ್ರ ಕೂಡಲೇ ಇಲ್ಲ. ಆ ಗಿಡ ಹೆಚ್ಚಾಗಿ ಗಂಡಿನ ಪರಾಗವೇ ಇಲ್ಲದೆ ಬೀಜ ಕಟ್ಟುತ್ತೆ, ಮರಿ ತಾಯಿಯ ಹಾಗೇ ಇರುತ್ತೆ. ಇದು ಗೊತ್ತಾಗುವ ಹೊತ್ತಿಗೆ ಮೆಂಡಲ್ ಇರಲಿಲ್ಲ.

ಡಾರ್ವಿನ್ ಅದೇ ಕಾಲದವರು. ಅವರ ಪುಸ್ತಕದ ಜರ್ಮನ್ ಅನುವಾದವನ್ನು ಮೆಂಡಲ್ ಪಕ್ಕದಲ್ಲಿ ಗೆರೆ ಎಳೆದು ಓದಿದ್ದಾನೆ, ಡಾರ್ವಿನ್‌ಗೆ ಮೆಂಡಲ್ ಕೆಲಸ ತಿಳಿಯಲೇ ಇಲ್ಲ. ಅಪ್ಪ ಅಮ್ಮನ ಗುಣ ಎರಡು ಬಣ್ಣದ ಪೇಂಟ್ ಬೆರೆತ ಹಾಗೆ ಬೆರೆಯುತ್ತೆ ಅಂತ ಆಗಿನವರ ನಂಬಿಕೆ. ಹಾಗಾದರೆ ಹೊಸದಾಗಿ ಬಂದ ಒಳ್ಳೆ ಗುಣ ಕೆಲವೇ ತಲೆಮಾರಿನಲ್ಲಿ ತೆಳುವಾಗಿ ಮಾಯವಾಗಬೇಕಲ್ಲ, ವಿಕಾಸ ಹೇಗೆ ನಡೆದೀತು ಅಂತ ಡಾರ್ವಿನ್‌ರನ್ನು ಕೇಳಿದವರಿದ್ದರು. ಬೆರೆಯಲ್ಲ, ಅಡಗಿ ಹಾಗೇ ಉಳಿಯುತ್ತೆ ಅನ್ನುವ ಉತ್ತರ ಬ್ರುನ್‌ನ ತೋಟದಲ್ಲಿತ್ತು.

1868ರಲ್ಲಿ ಮೆಂಡಲ್ ಮಠಾಧಿಪತಿಯಾದ. ಅಲ್ಲಿಗೆ ಗಿಡದ ಕೆಲಸ ಹೆಚ್ಚುಕಮ್ಮಿ ಮುಗಿಯಿತು. ಜೇನು ಸಾಕಿದ, ದಿನಾ ಹವಾಮಾನ ಬರೆದಿಟ್ಟ. 1874ರಲ್ಲಿ ಸರ್ಕಾರ ಮಠಗಳ ಮೇಲೆ ತೆರಿಗೆ ಹಾಕಿದಾಗ ಕಟ್ಟಲ್ಲ ಅಂತ ಹಠ ಹಿಡಿದು, ಆಸ್ತಿ ಜಪ್ತಿ ಮಾಡಿದರೂ ಬಗ್ಗದೆ, ಸಾಯುವ ತನಕ ಅರ್ಜಿ ಬರೆಯುವುದರಲ್ಲೇ ಕಾಲ ಕಳೆದ. ಅಷ್ಟು ಹಠ ಬೇಕಿರಲಿಲ್ಲ ಅಂತ ನನಗನ್ನಿಸುತ್ತೆ. 1884ರ ಜನವರಿ 6ರಂದು ಮೂತ್ರಪಿಂಡದ ಕಾಯಿಲೆಯಿಂದ ತೀರಿಕೊಂಡ. ಬಡವರೆಲ್ಲ ಶವಯಾತ್ರೆಗೆ ಬಂದರು, ಒಬ್ಬ ಒಳ್ಳೆ ಮಠಾಧಿಪತಿ ಹೋದ ಅಂತ. ಅವನ ಕಾಗದ ಪತ್ರಗಳನ್ನು ಆಮೇಲೆ ಮಠದಲ್ಲಿ ಸುಟ್ಟುಹಾಕಿದರು ಅಂತಾರೆ.

1900ರಲ್ಲಿ ಹಾಲೆಂಡಿನ ಡಿ ವ್ರೀಸ್, ಜರ್ಮನಿಯ ಕಾರೆನ್ಸ್, ಆಸ್ಟ್ರಿಯಾದ ಚೆರ್ಮಾಕ್, ಮೂವರೂ ಬೇರೆ ಬೇರೆಯಾಗಿ ಅದೇ ಲೆಕ್ಕಕ್ಕೆ ಬಂದು, ಹಳೇ ಪುಸ್ತಕ ತಿರುವಿದರೆ ಅಲ್ಲಿ ಮೆಂಡಲ್! 1905ರಲ್ಲಿ ಕೇಂಬ್ರಿಡ್ಜಿನ ಬಿಫೆನ್, ಗೋಧಿಯ ತುಕ್ಕು ರೋಗ ತಡೆಯುವ ಗುಣವೂ ಇದೇ ಲೆಕ್ಕದಲ್ಲಿ ಬರುತ್ತೆ ಅಂತ ತೋರಿಸಿದರು. ನಮ್ಮ ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಕೂಡಿಸಿ ಇಂಡಾಫ್ ತಳಿ ತಂದದ್ದೂ ಇದೇ ದಾರಿಯಲ್ಲಿ. ನಮ್ಮಜ್ಜಿ ಇಂಡಾಫ್ ಮುದ್ದೆ ಉಂಡು ಬದುಕಿದವಳು, ಆ ಹೆಸರಿನಲ್ಲಿ ಇಂಡಿಯಾ ಆಫ್ರಿಕಾ ಎರಡೂ ಇದೆ ಅಂತ ಅವಳಿಗೆ ಗೊತ್ತಿರಲಿಲ್ಲ. ಮೆಂಡಲನ ಅಂಕಿಗಳು ತೀರಾ ಸರಿಯಾಗಿವೆ, ಇಷ್ಟು ಚೊಕ್ಕ ಬರುವುದು ಕಷ್ಟ ಅಂತ 1936ರಲ್ಲಿ ಫಿಶರ್ ತಕರಾರು ತೆಗೆದರು, ಆ ವಾದ ಬಹಳ ಕಾಲ ನಡೆಯಿತು. ಗಿಡ ಬೆಳೆದು ನೋಡಿದವರಿಗೆಲ್ಲ ಮೂರಕ್ಕೆ ಒಂದೇ ಸಿಕ್ಕಿದೆ.

ವೈದ್ಯಕೀಯಕ್ಕೆ ಇದು ಬಂದದ್ದು 1902ರಲ್ಲಿ. ಲಂಡನ್ನಿನ ಡಾಕ್ಟರ್ ಗ್ಯಾರಡ್, ಮೂತ್ರ ಕಪ್ಪಾಗುವ ಒಂದು ಅಪರೂಪದ ಕಾಯಿಲೆ ನೋಡುತ್ತಿದ್ದರು. ಆ ಮಕ್ಕಳ ಅಪ್ಪ ಅಮ್ಮ ಎಷ್ಟೋ ಕಡೆ ದೊಡ್ಡಪ್ಪ ಚಿಕ್ಕಪ್ಪನ, ಅತ್ತೆ ಮಾವನ ಮಕ್ಕಳಾಗಿದ್ದರು. ಒಂದೇ ಮನೆತನದ ಇಬ್ಬರಲ್ಲಿ ಅಡಗಿರುವ ಲೈನ್ ಒಂದೇ ಆಗಿರುವ ಸಂಭವ ಜಾಸ್ತಿ, ಅಷ್ಟೇ ವಿಷಯ. ಚಿಕ್ಕಮ್ಮನ ಮಕ್ಕಳಿಗೂ ಇದೇ ಕಾರಣ ಅಂತ ಪರೀಕ್ಷೆ ಇಲ್ಲದೆ ನಾನು ಹೇಳಲಾರೆ. ಆದರೆ ಅಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ತಮ್ಮ ಕೇಳಿಸಿಕೊಂಡು ಬೇಡ ಅಂದ. ಅಕ್ಕನಿಗೆ ಬೇಜಾರಾಗಿ ಎರಡು ತಿಂಗಳಿಂದ ನನ್ನ ಹತ್ತಿರ ಮಾತಿಲ್ಲ. ಸರ ಬಿಡಿಸಿಕೊಟ್ಟು ಎಷ್ಟೋ ವರ್ಷವಾಯಿತು, ಸೊಸೆಯ ಬಿ.ಎಸ್ಸಿ. ಫೀಸು ನಾನೇ ಕಟ್ಟುತ್ತೇನೆ ಅಂತ ಅಮ್ಮನ ಮೂಲಕ ಹೇಳಿ ಕಳಿಸಿದ್ದೇನೆ.

ಮೆಂಡಲನೂ ತಂಗಿಯ ಋಣ ಮರೆಯಲಿಲ್ಲ. ತೆರೇಸಿಯಾಳ ಮೂವರು ಗಂಡುಮಕ್ಕಳ ಓದಿನ ಖರ್ಚು ನೋಡಿಕೊಂಡ. ಅವರಲ್ಲಿ ಇಬ್ಬರು ಡಾಕ್ಟರಾದರು. ಹುಟ್ಟಿದ ಹಳ್ಳಿಯಲ್ಲಿ ಬೆಂಕಿ ಆರಿಸುವ ಠಾಣೆ ಕಟ್ಟಲೂ ದುಡ್ಡು ಕೊಟ್ಟಿದ್ದ. 1902ರ ಜುಲೈನಲ್ಲಿ ಆ ಹಳ್ಳಿಯವರು ಅವನ ಹೆಸರಿನಲ್ಲಿ ಒಂದು ಕಲ್ಲು ಹಾಕಿಸಿದರು. ಅವತ್ತು ಎದ್ದು ನಿಂತು ಮಾವನ ಬಗ್ಗೆ ಭಾಷಣ ಮಾಡಿದ್ದು ತೆರೇಸಿಯಾಳ ಮಗ, ಡಾಕ್ಟರ್ ಅಲೋಯಿಸ್ ಶಿಂಡ್ಲರ್.